ಗೆಲಾಕ್ಸಿಗಳನ್ನು ಹಿಡಿದಿಟ್ಟಿರುವುದು ಯಾವುದು? ಗುರುತ್ವ ಮತ್ತು ಕಪ್ಪು ದ್ರವ್ಯದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮಾತುಕತೆಗಳಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮರುಕಳಿಸುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟು ಇಲ್ಲಿ ಉತ್ತರಿಸಲಾಗಿದೆ. ಸರಳವಾದವು ಮೊದಲು ಬರುತ್ತವೆ, ತುಸು ಲೆಕ್ಕ ಬೇಡುವವು ಆಮೇಲೆ. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ತೊಡಗಬಹುದು.

## ಆರಂಭದ ಪ್ರಶ್ನೆಗಳು

ಗೆಲಾಕ್ಸಿಯಲ್ಲಿ ಅಷ್ಟೊಂದು ನಕ್ಷತ್ರಗಳಿವೆಯಲ್ಲ, ಅವು ಚದುರಿಹೋಗದ ಹಾಗೆ ಹಿಡಿದಿಟ್ಟಿರುವುದು ಯಾವುದು?

ಗುರುತ್ವಾಕರ್ಷಣೆ, ಅದೊಂದೇ. ನಾವು ಬಲ್ಲ ನಾಲ್ಕು ಮೂಲಬಲಗಳಲ್ಲಿ ಎರಡು ಪರಮಾಣುವಿನ ಬೀಜಕೇಂದ್ರದ ಆಚೆಗೆ ತಲುಪುವುದೇ ಇಲ್ಲ. ವಿದ್ಯುತ್ಕಾಂತೀಯ ಬಲ ಎಷ್ಟು ದೂರಕ್ಕಾದರೂ ಹಬ್ಬಬಲ್ಲದು, ಗುರುತ್ವಕ್ಕಿಂತ ಅದೆಷ್ಟೋ ಪಟ್ಟು ಪ್ರಬಲವೂ ಹೌದು. ಆದರೆ ಧನ ಮತ್ತು ಋಣ ವಿದ್ಯುದಂಶಗಳು ಸಮಸಮವಾಗಿ ಬೆರೆತಿರುವ ನಕ್ಷತ್ರದಂಥ ಕಾಯದಲ್ಲಿ ಅದರ ಆಕರ್ಷಣೆಯನ್ನು ಅದರದೇ ವಿಕರ್ಷಣೆ ಅಳಿಸಿಹಾಕುತ್ತದೆ. ಗುರುತ್ವಕ್ಕೆ ಹೀಗೆ ಎದುರಾಗಿ ನಿಲ್ಲುವ ಋಣ ಪಾಲು ಇಲ್ಲ. ದ್ರವ್ಯರಾಶಿ ಕೂಡಿದಷ್ಟೂ ಸೆಳೆತ ಕೂಡುತ್ತಲೇ ಹೋಗುವುದರಿಂದ, ಪರಮಾಣುಗಳ ಮಟ್ಟದಲ್ಲಿ ಲೆಕ್ಕಕ್ಕೇ ಬಾರದ ಈ ಬಲ ಸಾವಿರಾರು ಕೋಟಿ ನಕ್ಷತ್ರಗಳ ಮಟ್ಟದಲ್ಲಿ ಏಕೈಕ ಯಜಮಾನನಾಗುತ್ತದೆ.

ಒಂದು ನಕ್ಷತ್ರವನ್ನು ಹಿಡಿದಿರುವುದು ಅದರ ನೆರೆಯ ನಕ್ಷತ್ರವಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಸೂರ್ಯನಿಗೆ ಅತಿ ಸಮೀಪದ ಪ್ರಾಕ್ಸಿಮಾ ಸೆಂಟಾರಿ 4.2 ಜ್ಯೋತಿರ್ವರ್ಷ ದೂರದಲ್ಲಿದೆ. ಅದರ ಸೆಳೆತ ಇದ್ದೂ ಇಲ್ಲದಂತೆ. ಸೂರ್ಯ ಬಾಗಿ ಸುತ್ತುವಂತೆ ಮಾಡುತ್ತಿರುವುದು ಆಕಾಶಗಂಗೆಯ ಒಟ್ಟು ದ್ರವ್ಯರಾಶಿ, ಅದರಲ್ಲೂ ಸೂರ್ಯನ ಕಕ್ಷೆಯ ಒಳಗಡೆ ಇರುವ ಪಾಲು.

ಗುರುತ್ವ ಎಲ್ಲವನ್ನೂ ಒಳಕ್ಕೆ ಎಳೆಯುವುದಾದರೆ ನಕ್ಷತ್ರಗಳೆಲ್ಲ ನಡುವಿಗೆ ಬಿದ್ದುಹೋಗಬೇಕಲ್ಲವೇ?

ಅವು ಬೀಳುತ್ತಲೇ ಇವೆ, ಆದರೆ ಬೀಳುತ್ತಲೇ ಪಕ್ಕಕ್ಕೂ ಓಡುತ್ತಿವೆ. ಸೂರ್ಯ ಸೆಕೆಂಡಿಗೆ ಸುಮಾರು 230 ಕಿಲೋಮೀಟರ್ ವೇಗದಲ್ಲಿ, ಗೆಲಾಕ್ಸಿಯ ಕೇಂದ್ರದಿಂದ ಸುಮಾರು 26,000 ಜ್ಯೋತಿರ್ವರ್ಷ ದೂರದಲ್ಲಿ ಸುತ್ತುತ್ತಿದ್ದಾನೆ. ಗುರುತ್ವ ಇಲ್ಲದಿದ್ದರೆ ನೇರ ಗೆರೆಯಲ್ಲಿ ಹೊರಟುಹೋಗುತ್ತಿದ್ದ. ಪಕ್ಕದ ವೇಗ ಇಲ್ಲದಿದ್ದರೆ ನೇರವಾಗಿ ಕೇಂದ್ರದತ್ತ ಬೀಳುತ್ತಿದ್ದ. ಎರಡೂ ಇರುವುದರಿಂದ ಸುಮಾರು 23 ಕೋಟಿ ವರ್ಷಗಳಿಗೆ ಒಂದು ಸುತ್ತು ಮುಗಿಯುತ್ತದೆ. ಹುಟ್ಟಿದಾಗಿನಿಂದ ಸೂರ್ಯ ಸುಮಾರು 20 ಸುತ್ತು ಹಾಕಿರಬೇಕು.

ಈ ಓಟ ನಿಧಾನವಾಗುವುದಿಲ್ಲವೇ ಎಂದರೆ, ನಿಧಾನಗೊಳಿಸಲು ಘರ್ಷಣೆ ಬೇಕು. ನಕ್ಷತ್ರಗಳ ನಡುವಿನ ಅಂತರ ಅವುಗಳ ಗಾತ್ರದ ಮುಂದೆ ಎಷ್ಟು ದೊಡ್ಡದೆಂದರೆ, ಎರಡು ಗೆಲಾಕ್ಸಿಗಳು ಒಂದರೊಳಗೊಂದು ಹಾದುಹೋದಾಗಲೂ ನಕ್ಷತ್ರಕ್ಕೆ ನಕ್ಷತ್ರ ಡಿಕ್ಕಿಯಾಗುವುದು ಇಲ್ಲವೆಂಬಷ್ಟು ಅಪರೂಪ. ಎಲ್ಲ ಗೆಲಾಕ್ಸಿಗಳೂ ತಟ್ಟೆಯಂತೆ ಒಂದೇ ದಿಕ್ಕಿಗೆ ತಿರುಗುವುದೂ ಇಲ್ಲ. ದೀರ್ಘವೃತ್ತಾಕಾರದ ಗೆಲಾಕ್ಸಿಗಳಲ್ಲಿ ನಕ್ಷತ್ರಗಳು ನಾನಾ ದಿಕ್ಕುಗಳಲ್ಲಿ, ನಾನಾ ಓರೆಗಳಲ್ಲಿ ಓಡಾಡುತ್ತವೆ. ಅಲ್ಲಿಯೂ ಕುಸಿತವನ್ನು ತಡೆಯುತ್ತಿರುವುದು ಚಲನೆಯೇ.

ಎಲ್ಲವನ್ನೂ ಹಿಡಿದಿರುವುದು ನಡುವಿನ ದೈತ್ಯ ಕಪ್ಪುಕುಳಿ ತಾನೇ?

ಅಲ್ಲ. ಆಕಾಶಗಂಗೆಯ ಕೇಂದ್ರದಲ್ಲಿರುವ ಕಪ್ಪುಕುಳಿ, ಸ್ಯಾಜಿಟೇರಿಯಸ್ ಎ-ಸ್ಟಾರ್, ಸೂರ್ಯನ ಸುಮಾರು 40 ಲಕ್ಷ ಪಟ್ಟು ತೂಗುತ್ತದೆ. ಸೂರ್ಯನ ಕಕ್ಷೆಯ ಒಳಗಿರುವ ಒಟ್ಟು ದ್ರವ್ಯರಾಶಿ ಸುಮಾರು 10,000 ಕೋಟಿ ಸೂರ್ಯರಷ್ಟು. ಅಂದರೆ ಕಪ್ಪುಕುಳಿಯ ಪಾಲು 25,000ದಲ್ಲಿ ಒಂದು. ನಾಳೆ ಅದನ್ನು ಕಿತ್ತುಹಾಕಿದರೂ ಸೂರ್ಯನ ಕಕ್ಷೆಯಲ್ಲಿ ಗುರುತಿಸುವಂಥ ಬದಲಾವಣೆ ಆಗದು. ಸೌರವ್ಯೂಹದಲ್ಲಿ ಬಹುತೇಕ ಎಲ್ಲ ದ್ರವ್ಯರಾಶಿಯೂ ನಡುವಿನ ಸೂರ್ಯನಲ್ಲಿದೆ. ಗೆಲಾಕ್ಸಿಯೂ ಹಾಗೆಯೇ ಇರಬೇಕೆಂಬ ಊಹೆಯಿಂದ ಈ ತಪ್ಪು ತಿಳಿವಳಿಕೆ ಹುಟ್ಟುತ್ತದೆ.

## ಕಾಣದ ದ್ರವ್ಯದ ಮಾತು ಏಕೆ ಬಂತು

ಕಾಣುವ ನಕ್ಷತ್ರಗಳ ಗುರುತ್ವ ಸಾಲದು ಅಂತ ಹೇಗೆ ಹೇಳುತ್ತೀರಿ? ನಕ್ಷತ್ರಗಳನ್ನು ತಕ್ಕಡಿಗೆ ಹಾಕಿದವರು ಯಾರು?

ತಕ್ಕಡಿ ಇದೆ, ಅದು ಕಕ್ಷೆಯ ವೇಗ. ಒಂದು ಕಾಯ ವೃತ್ತಾಕಾರದಲ್ಲಿ ಸುತ್ತುತ್ತಿದ್ದರೆ, ಅದರ ವೇಗದ ವರ್ಗವನ್ನು ಕಕ್ಷೆಯ ತ್ರಿಜ್ಯದಿಂದ ಗುಣಿಸಿ ಗುರುತ್ವ ಸ್ಥಿರಾಂಕದಿಂದ ಭಾಗಿಸಿದಾಗ ಕಕ್ಷೆಯ ಒಳಗಿನ ದ್ರವ್ಯರಾಶಿ ಹೆಚ್ಚುಕಡಿಮೆ ಸಿಗುತ್ತದೆ. ಭೂಮಿಯ ವೇಗದಿಂದ ಸೂರ್ಯನ ತೂಕವನ್ನು ತಿಳಿಯುವುದೂ ಇದೇ ಲೆಕ್ಕದಿಂದ. ಮೇಲೆ ಹೇಳಿದ 10,000 ಕೋಟಿ ಸೂರ್ಯರ ಅಂಕಿಯೂ ಸೂರ್ಯನ ವೇಗ ಮತ್ತು ದೂರವನ್ನು ಈ ಸೂತ್ರಕ್ಕೆ ಹಾಕಿ ಪಡೆದದ್ದು.

ಈಗ ಸೌರವ್ಯೂಹವನ್ನು ನೋಡಿ. ಬುಧ ಗ್ರಹ ಸೆಕೆಂಡಿಗೆ ಸುಮಾರು 47 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ, ಭೂಮಿ ಸುಮಾರು 30, ನೆಪ್ಚೂನ್ ಕೇವಲ 5.4. ತೂಕವೆಲ್ಲ ನಡುವಿನಲ್ಲಿ ಇರುವುದರಿಂದ ದೂರ ಹೋದಂತೆ ಹಿಡಿತ ಸಡಿಲಗೊಳ್ಳುತ್ತದೆ, ವೇಗ ಇಳಿಯುತ್ತದೆ. ಸುರುಳಿ ಗೆಲಾಕ್ಸಿಯಲ್ಲಿಯೂ ಬೆಳಕು ನಡುವಿನಲ್ಲಿ ದಟ್ಟವಾಗಿದ್ದು ಅಂಚಿನತ್ತ ಬೇಗನೆ ಕ್ಷೀಣಿಸುತ್ತದೆ. ತೂಕವೂ ಬೆಳಕನ್ನೇ ಹಿಂಬಾಲಿಸುವುದಾದರೆ ಅಂಚಿನ ವೇಗವೂ ಇಳಿಯಲೇಬೇಕು. ಅಳೆದಾಗ ಕಂಡದ್ದು ಬೇರೆ. ಬೆಳಕು ಮುಗಿಯುವ ಜಾಗದಲ್ಲಿಯೂ, ಅದರಾಚೆ ತೆಳುವಾದ ಹೈಡ್ರೋಜನ್ ಅನಿಲ ಮಾತ್ರ ಉಳಿದಿರುವ ಜಾಗದಲ್ಲಿಯೂ ವೇಗ ಬಹುತೇಕ ಹಾಗೆಯೇ ಉಳಿಯುತ್ತದೆ. ವೇಗ ಬದಲಾಗದೆ ತ್ರಿಜ್ಯ ಎರಡು ಪಟ್ಟಾದರೆ ಒಳಗಿನ ದ್ರವ್ಯರಾಶಿಯೂ ಎರಡು ಪಟ್ಟಾಗಬೇಕು ಎಂದು ಆ ಸೂತ್ರವೇ ಹೇಳುತ್ತದೆ. ಬೆಳಕು ಮಾತ್ರ ಒಂದಿಷ್ಟೂ ಹೆಚ್ಚಿರುವುದಿಲ್ಲ. ಇಡೀ ವಿಷಯದ ತಿರುಳು ಈ ವ್ಯತ್ಯಾಸದಲ್ಲಿದೆ: ತೂಕ ಇದೆ, ಅದು ಬೆಳಕು ಇರುವ ಜಾಗದಲ್ಲಿ ಇಲ್ಲ. ಈ ಕಾಣದ ತೂಕಕ್ಕೆ ಕಪ್ಪು ದ್ರವ್ಯ (ಡಾರ್ಕ್ ಮ್ಯಾಟರ್) ಎಂದು ಹೆಸರು.

ಲಕ್ಷಾಂತರ ಜ್ಯೋತಿರ್ವರ್ಷ ದೂರದ ಗೆಲಾಕ್ಸಿ ತಿರುಗುವುದನ್ನು ಕೂತಲ್ಲೇ ಅಳೆಯುವುದು ಹೇಗೆ? ಅದು ಚಲಿಸುವುದು ಕಣ್ಣಿಗೆ ಕಾಣುತ್ತದೆಯೇ?

ಚಲನೆ ಕಾಣುವುದಿಲ್ಲ, ಬಣ್ಣದ ಪಲ್ಲಟ ಕಾಣುತ್ತದೆ. ಓರೆಯಾಗಿ ಕಾಣುವ ಒಂದು ಸುರುಳಿ ಗೆಲಾಕ್ಸಿಯ ಚಿತ್ರದ ಮೇಲೆ, ಅದರ ಉದ್ದನೆಯ ಅಡ್ಡಗಲಕ್ಕೆ ಸರಿಯಾಗಿ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ರೋಹಿತದರ್ಶಕದ ಕಿರಿದಾದ ಸೀಳನ್ನು ಇಡುತ್ತಾರೆ. ಬಿಸಿ ಹೈಡ್ರೋಜನ್ ಅನಿಲ ಹೊಮ್ಮಿಸುವ ಕೆಂಪು ಗೆರೆಯ ತರಂಗಾಂತರ 656.3 ನ್ಯಾನೋಮೀಟರ್. ಗೆಲಾಕ್ಸಿಯ ಒಂದು ಬದಿ ನಮ್ಮತ್ತ ಬರುತ್ತಿದ್ದರೆ ಆ ಗೆರೆ ನೀಲಿಯ ಕಡೆಗೂ, ಇನ್ನೊಂದು ಬದಿ ದೂರ ಸರಿಯುತ್ತಿದ್ದರೆ ಕೆಂಪಿನ ಕಡೆಗೂ ಜರುಗುತ್ತದೆ. ಸೆಕೆಂಡಿಗೆ 200 ಕಿಲೋಮೀಟರ್ ವೇಗಕ್ಕೆ ಈ ಜರುಗುವಿಕೆ ಸುಮಾರು 0.44 ನ್ಯಾನೋಮೀಟರ್. ಕೇಳಲು ಅತ್ಯಲ್ಪ, ಆದರೆ ಒಳ್ಳೆಯ ರೋಹಿತದರ್ಶಕಕ್ಕೆ ಇದು ಸಲೀಸು. ಹೀಗೆ ದಾಖಲಾದ ರೋಹಿತದಲ್ಲಿ ಆ ಗೆರೆ ನೇರವಾಗಿರದೆ, ನಡುವಿನಲ್ಲಿ ಕಡಿದಾಗಿ ವಾಲಿ, ಎರಡೂ ತುದಿಗಳಲ್ಲಿ ಮಟ್ಟಸವಾಗಿ ಚಾಚಿಕೊಂಡಿರುತ್ತದೆ. ತುದಿಗಳು ಮತ್ತೆ ನಡುಗೆರೆಯತ್ತ ಬಾಗಿದ್ದರೆ ವೇಗ ಇಳಿದಿದೆ ಎಂದಾಗುತ್ತಿತ್ತು. ಅವು ಬಾಗುವುದಿಲ್ಲ.

ನಕ್ಷತ್ರಗಳಾಚೆಗಿನ ತಣ್ಣನೆಯ ಹೈಡ್ರೋಜನ್‌ಗೆ 21 ಸೆಂಟಿಮೀಟರ್ ತರಂಗಾಂತರದ ರೇಡಿಯೊ ಗೆರೆಯನ್ನು ಬಳಸುತ್ತಾರೆ. ಗೆಲಾಕ್ಸಿಯ ಕಾಣುವ ಅಂಚನ್ನು ದಾಟಿ ಬಹುದೂರದವರೆಗೆ ವೇಗವನ್ನು ಹಿಂಬಾಲಿಸಲು ಸಾಧ್ಯವಾದದ್ದು ಅದರಿಂದಲೇ.

ಇದನ್ನು ಕಂಡುಹಿಡಿದದ್ದು ವೆರಾ ರೂಬಿನ್ ಅಂತ ಓದಿದ್ದೇನೆ, ಸರಿಯೇ?

ಅರ್ಧ ಸರಿ. 1933ರಲ್ಲಿ ಖಗೋಳವಿಜ್ಞಾನಿ ಫ್ರಿಟ್ಜ್ ಜ್ವಿಕಿ ಕೋಮಾ ಗೆಲಾಕ್ಸಿ ಗುಚ್ಛವನ್ನು ಪರಿಶೀಲಿಸಿ, ಅದರ ಸದಸ್ಯ ಗೆಲಾಕ್ಸಿಗಳು ಸೆಕೆಂಡಿಗೆ ಸುಮಾರು 1,000 ಕಿಲೋಮೀಟರ್‌ನಷ್ಟು ವೇಗದಲ್ಲಿ ಅತ್ತಿತ್ತ ಓಡಾಡುತ್ತಿರುವುದನ್ನೂ, ಕಾಣುವ ದ್ರವ್ಯದ ಗುರುತ್ವಕ್ಕೆ ಅವನ್ನು ಹಿಡಿದಿಡಲು ಸಾಧ್ಯವಿಲ್ಲದಿರುವುದನ್ನೂ ಗಮನಿಸಿದರು. ಆಗ ಬಳಕೆಯಲ್ಲಿದ್ದ ದೂರದ ಅಳತೆ ತಪ್ಪಾಗಿದ್ದರಿಂದ ಅವರು ಪಡೆದ ಕೊರತೆಯ ಪ್ರಮಾಣ ವಿಪರೀತವಾಗಿತ್ತು. ಗುಚ್ಛದ ನಡುವಿನ ಬಿಸಿ ಅನಿಲವೂ ಆಗ ಗೊತ್ತಿರಲಿಲ್ಲ. ಎರಡನ್ನೂ ಸರಿಪಡಿಸಿದ ಮೇಲೂ ಕೊರತೆ ಉಳಿದುಕೊಂಡಿದೆ.

ಅಮೆರಿಕದ ಖಗೋಳವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ 1970ರಲ್ಲಿ ಆಂಡ್ರೊಮಿಡಾ ಗೆಲಾಕ್ಸಿಯ ತಿರುಗುವ ವೇಗವನ್ನು ಅಳೆದು ಪ್ರಕಟಿಸಿದರು, 1980ರಲ್ಲಿ ಸಹೋದ್ಯೋಗಿಗಳ ಜೊತೆ 21 ಸುರುಳಿ ಗೆಲಾಕ್ಸಿಗಳ ಅಳತೆಯನ್ನು ಮುಂದಿಟ್ಟರು. ಅದಕ್ಕೆ ಎರಡು ವರ್ಷ ಮುಂಚೆ ಆಲ್ಬರ್ಟ್ ಬೋಸ್ಮಾ ರೇಡಿಯೊ ಅಳತೆಗಳಿಂದ ಅದೇ ಫಲಿತಾಂಶವನ್ನು ಇನ್ನಷ್ಟು ಹೊರಗಿನವರೆಗೆ ತೋರಿಸಿದ್ದರು. ಸಿದ್ಧಾಂತದ ಕಡೆಯಿಂದ 1973ರಲ್ಲಿ ಜೆರೆಮಿಯಾ ಆಸ್ಟ್ರೈಕರ್ ಮತ್ತು ಜೇಮ್ಸ್ ಪೀಬಲ್ಸ್, ಸುತ್ತ ಭಾರವಾದ ಪರಿವೇಷ (ಗೆಲಾಕ್ಸಿಯನ್ನು ಆವರಿಸಿದ ಕಾಣದ ದ್ರವ್ಯದ ಹರವು) ಇಲ್ಲದ ತೆಳು ತಟ್ಟೆಯೊಂದು ತನ್ನ ಆಕಾರವನ್ನು ಉಳಿಸಿಕೊಳ್ಳದೆ ಬೇಗನೆ ದಂಡದಂತೆ ವಿರೂಪಗೊಳ್ಳುತ್ತದೆ ಎಂದು ಗಣಕದ ಲೆಕ್ಕದಿಂದ ತೋರಿಸಿದರು. ಒಬ್ಬರ ಹೆಸರಿಗೆ ಕಟ್ಟಿಬಿಡುವ ಶೋಧ ಇದಲ್ಲ. ಆದರೆ ಖಗೋಳವಿಜ್ಞಾನಿಗಳ ಸಮುದಾಯ ಇನ್ನು ಅಲ್ಲಗಳೆಯಲಾಗದು ಎಂಬ ಹಂತಕ್ಕೆ ಬಂದದ್ದರಲ್ಲಿ ರೂಬಿನ್ ಅವರ ಪಾತ್ರ ಹಿರಿದು.

ಹಾಗಾದರೆ ಡಾರ್ಕ್ ಮ್ಯಾಟರ್ ಅಂದರೆ ನಕ್ಷತ್ರಗಳನ್ನು ಅಂಟಿಸುವ ಗೋಂದಿನ ಹಾಗೆ?

ಜನಪ್ರಿಯ ಬರಹಗಳಲ್ಲಿ ಈ ಹೋಲಿಕೆ ಧಾರಾಳವಾಗಿದೆ. ನನ್ನ ದೃಷ್ಟಿಯಲ್ಲಿ ಅದು ಮಾಡಿರುವ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಗೋಂದು ತಾನು ಮುಟ್ಟಿದ್ದನ್ನು ಹಿಡಿಯುತ್ತದೆ, ತಾನೇ ಒಂದು ಬೇರೆ ಬಗೆಯ ಹಿಡಿತವನ್ನು ಒದಗಿಸುತ್ತದೆ. ಕಪ್ಪು ದ್ರವ್ಯ ಯಾವುದನ್ನೂ ಮುಟ್ಟುವುದಿಲ್ಲ, ಹೊಸ ಬಲವನ್ನೂ ತರುವುದಿಲ್ಲ. ನಕ್ಷತ್ರವೊಂದು ಅದರ ನಡುವೆಯೇ ಯಾವ ಅಡೆತಡೆಯೂ ಇಲ್ಲದೆ ಸಾಗುತ್ತದೆ. ಹಿಡಿದಿರುವುದು ಹಳೆಯ ಗುರುತ್ವವೇ. ಆ ಗುರುತ್ವಕ್ಕೆ ಬೇಕಾದ ದ್ರವ್ಯರಾಶಿಯಲ್ಲಿ ದೊಡ್ಡ ಪಾಲನ್ನು ಕಪ್ಪು ದ್ರವ್ಯ ಒದಗಿಸುತ್ತದೆ, ಅಷ್ಟೇ. ಆದ್ದರಿಂದ ಕೇಳಬೇಕಾದ ಪ್ರಶ್ನೆ ಯಾವಾಗಲೂ ಎರಡೇ: ಎಷ್ಟು ದ್ರವ್ಯರಾಶಿ ಇದೆ, ಅದು ಎಲ್ಲಿ ಹರಡಿದೆ.

ಕಪ್ಪು ದ್ರವ್ಯ ಒಮ್ಮೆಲೇ ಮಾಯವಾದರೆ ಆಕಾಶಗಂಗೆ ಒಡೆದುಹೋಗುತ್ತದೆಯೇ?

ಪೂರ್ತಿಯಾಗಿ ಒಡೆಯುವುದಿಲ್ಲ, ಸಿಪ್ಪೆ ಸುಲಿದಂತಾಗುತ್ತದೆ. ನಕ್ಷತ್ರ ಮತ್ತು ಅನಿಲಗಳ ಒಟ್ಟು ದ್ರವ್ಯರಾಶಿ ಸುಮಾರು 6,000 ಕೋಟಿ ಸೂರ್ಯರಷ್ಟು ಎಂದು ಇಟ್ಟುಕೊಂಡು, ಅದೆಲ್ಲವೂ ಕಕ್ಷೆಯ ಒಳಗೇ ಇದೆ ಎಂದು ಒರಟಾಗಿ ಲೆಕ್ಕ ಹಾಕೋಣ. ಸೂರ್ಯನಿರುವ ದೂರದಲ್ಲಿ ಈ ದ್ರವ್ಯರಾಶಿಯ ಹಿಡಿತದಿಂದ ಪಾರಾಗಲು ಸೆಕೆಂಡಿಗೆ ಸುಮಾರು 250 ಕಿಲೋಮೀಟರ್ ವೇಗ ಬೇಕು. ಸೂರ್ಯನ ವೇಗ 230. ಆದ್ದರಿಂದ ಸೂರ್ಯ ಕೂದಲೆಳೆಯ ಅಂತರದಲ್ಲಿ ಗೆಲಾಕ್ಸಿಯಲ್ಲೇ ಉಳಿಯುತ್ತಾನೆ, ಆದರೆ ವೃತ್ತಕ್ಕೆ ಹತ್ತಿರವಾದ ಈಗಿನ ಕಕ್ಷೆಯನ್ನು ಬಿಟ್ಟು ಬಹುದೂರ ಹೋಗಿ ಮರಳುವ ಉದ್ದನೆಯ ಕಕ್ಷೆಯನ್ನು ಹಿಡಿಯುತ್ತಾನೆ. ಕೇಂದ್ರದಿಂದ 60,000 ಜ್ಯೋತಿರ್ವರ್ಷ ದೂರದ ನಕ್ಷತ್ರದ ಪಾಡು ಬೇರೆ. ಅಲ್ಲಿ ಪಾರಾಗುವ ವೇಗ ಸುಮಾರು 170ಕ್ಕೆ ಇಳಿದಿರುತ್ತದೆ, ನಕ್ಷತ್ರ ಓಡುತ್ತಿರುವುದು ಸುಮಾರು 200ರಲ್ಲಿ, ಅದು ಹೊರಟೇಹೋಗುತ್ತದೆ. ಒಳಭಾಗದಲ್ಲಿ ಕಾಣುವ ದ್ರವ್ಯದ್ದೇ ದೊಡ್ಡ ಪಾಲಾದ್ದರಿಂದ ಅಲ್ಲಿನ ನಕ್ಷತ್ರಗಳಿಗೆ ಅಂಥ ಆಘಾತವೇನೂ ಆಗದು.

ಕಪ್ಪು ದ್ರವ್ಯ, ಕಪ್ಪು ಶಕ್ತಿ ಎರಡೂ ಒಂದೇನಾ?

ಅಲ್ಲ. ಕಪ್ಪು ದ್ರವ್ಯ ಗುಡ್ಡೆಗಟ್ಟುತ್ತದೆ, ಸೆಳೆಯುತ್ತದೆ. ಕಪ್ಪು ಶಕ್ತಿ ಎಲ್ಲೆಡೆ ಸಮನಾಗಿ ಹರಡಿರುವಂತೆ ಕಾಣುತ್ತದೆ, ವಿಶ್ವದ ಹಿಗ್ಗುವಿಕೆಗೆ ವೇಗ ಕೊಡುತ್ತದೆ. ಪ್ಲ್ಯಾಂಕ್ ಉಪಗ್ರಹದ ಅಳತೆಗಳ ಪ್ರಕಾರ ವಿಶ್ವದ ಒಟ್ಟು ಸರಕಿನಲ್ಲಿ ಸಾಮಾನ್ಯ ದ್ರವ್ಯ ಸುಮಾರು ಶೇ. 5, ಕಪ್ಪು ದ್ರವ್ಯ ಶೇ. 27, ಕಪ್ಪು ಶಕ್ತಿ ಶೇ. 68. ಒಂದು ಗೆಲಾಕ್ಸಿಯ ಒಳಗಿನ ಲೆಕ್ಕಕ್ಕೆ ಕಪ್ಪು ಶಕ್ತಿಯನ್ನು ಪೂರ್ತಿ ಮರೆತುಬಿಡಬಹುದು.

ಅದು ನಮಗೆ ಕಾಣದ ಮಂಕು ನಕ್ಷತ್ರ, ಗ್ರಹ, ಧೂಳು ಯಾಕಾಗಿರಬಾರದು?

ಮೊದಲು ಎಲ್ಲರೂ ಶಂಕಿಸಿದ್ದು ಅದನ್ನೇ, ಮತ್ತು ಅದನ್ನು ಪರೀಕ್ಷಿಸದೆ ಬಿಡಲಿಲ್ಲ. ಧೂಳಾಗಿದ್ದರೆ ಹಿಂದಿನ ನಕ್ಷತ್ರಗಳ ಬೆಳಕನ್ನು ಮರೆಮಾಡಿ ಅವರಕ್ತ ಕಿರಣಗಳಲ್ಲಿ ತಾನೇ ಹೊಳೆಯುತ್ತಿತ್ತು. ಅನಿಲವಾಗಿದ್ದರೆ ಬಿಸಿಯಾದದ್ದು ಕ್ಷ-ಕಿರಣಗಳಲ್ಲಿ, ತಣ್ಣನೆಯದು ರೇಡಿಯೊ ಅಲೆಗಳಲ್ಲಿ ಸಿಕ್ಕಿಬೀಳುತ್ತಿತ್ತು. ಮಂಕು ನಕ್ಷತ್ರಗಳಿಗೂ ಒಂಟಿ ಕಪ್ಪುಕುಳಿಗಳಿಗೂ ಬೇರೆ ಬಲೆ ಹೂಡಬೇಕಾಯಿತು. ಅಂಥ ಕಾಯವೊಂದು ದೂರದ ನಕ್ಷತ್ರದ ಮುಂದೆ ಹಾದುಹೋದರೆ, ಅದರ ಗುರುತ್ವ ಮಸೂರದಂತೆ ವರ್ತಿಸಿ ಹಿಂದಿನ ನಕ್ಷತ್ರ ಕೆಲವು ದಿನ ಅಥವಾ ವಾರಗಳ ಕಾಲ ಹೆಚ್ಚು ಪ್ರಕಾಶಿಸುತ್ತದೆ. 1990ರ ದಶಕದಲ್ಲಿ ಮಾಚೊ ಮತ್ತು ಈರೋಸ್ ಎಂಬ ಎರಡು ಯೋಜನೆಗಳು ಹಿರಿಯ ಮೆಗೆಲಾನಿಕ್ ಮೋಡ ಎಂಬ ನೆರೆಯ ಸಣ್ಣ ಗೆಲಾಕ್ಸಿಯ ಲಕ್ಷಾಂತರ ನಕ್ಷತ್ರಗಳನ್ನು ವರ್ಷಗಟ್ಟಲೆ ಕಾದು ನೋಡಿದವು. ಇಂಥ ಮಿನುಗುಗಳು ಸಿಕ್ಕವು, ಆದರೆ ಪರಿವೇಷದ ತೂಕವನ್ನೆಲ್ಲ ತುಂಬುವಷ್ಟು ಸಿಗಲಿಲ್ಲ.

ಇನ್ನೊಂದು ಅಡ್ಡಿ ಇದಕ್ಕಿಂತ ಬಲವಾದದ್ದು. ವಿಶ್ವದ ಮೊದಲ ಕೆಲವು ನಿಮಿಷಗಳಲ್ಲಿ ಉಂಟಾದ ಡ್ಯೂಟೀರಿಯಂ (ಭಾರ ಹೈಡ್ರೋಜನ್) ಪ್ರಮಾಣವು, ಆಗ ಪ್ರೋಟಾನ್ ಮತ್ತು ನ್ಯೂಟ್ರಾನ್‌ಗಳು ಒಟ್ಟು ಎಷ್ಟಿದ್ದವು ಎಂಬುದನ್ನು ಅವಲಂಬಿಸಿದೆ. ಅಳೆದಿರುವ ಡ್ಯೂಟೀರಿಯಂ ಹೇಳುವಂತೆ ಸಾಮಾನ್ಯ ದ್ರವ್ಯ ಸುಮಾರು ಶೇ. 5ನ್ನು ಮೀರಲಾರದು. ಅದು ಮಂಕಾಗಿದ್ದರೂ ಅಷ್ಟೇ, ಹೊಳೆಯುತ್ತಿದ್ದರೂ ಅಷ್ಟೇ. ನಕ್ಷತ್ರಗಳು ಹುಟ್ಟುವ ಮೊದಲೇ ರೂಪುಗೊಂಡಿರಬಹುದಾದ ಆದಿಮ ಕಪ್ಪುಕುಳಿಗಳಿಗೆ ಮಾತ್ರ ಈ ತಡೆ ಅನ್ವಯಿಸದು; ಕೆಲವು ದ್ರವ್ಯರಾಶಿಗಳ ಮಟ್ಟಿಗೆ ಆ ಬಾಗಿಲು ಇನ್ನೂ ತೆರೆದಿದೆ.

## ಇನ್ನಷ್ಟು ಆಳಕ್ಕೆ

ಕಪ್ಪು ದ್ರವ್ಯಕ್ಕೂ ಗುರುತ್ವ ಇದೆಯಲ್ಲ, ಅದೂ ತಟ್ಟೆಯಾಗಿ ಯಾಕೆ ಕೂರುವುದಿಲ್ಲ? ಗೋಳದ ಹಾಗೆ ಹರಡಿಕೊಂಡಿದೆ ಅಂತೀರಲ್ಲ?

ಬರುವ ಪ್ರಶ್ನೆಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದು, ಏಕೆಂದರೆ ಗೆಲಾಕ್ಸಿಯ ರಚನೆಯ ಗುಟ್ಟೆಲ್ಲ ಇದರ ಉತ್ತರದಲ್ಲಿದೆ. ಗುರುತ್ವದಿಂದ ಒಳಕ್ಕೆ ಬೀಳುವ ಯಾವುದೇ ವಸ್ತು ಬೀಳುತ್ತಾ ವೇಗ ಪಡೆಯುತ್ತದೆ. ಆ ವೇಗವೇ ಅದನ್ನು ಮತ್ತೆ ಹೊರಕ್ಕೆ ಒಯ್ಯುತ್ತದೆ. ಒಂದೇ ಕಡೆ ನೆಲೆಸಬೇಕಾದರೆ ಆ ಶಕ್ತಿಯನ್ನು ಎಲ್ಲಾದರೂ ಕಳೆದುಕೊಳ್ಳಬೇಕು. ಸಾಮಾನ್ಯ ಅನಿಲಕ್ಕೆ ಅದರ ದಾರಿ ಗೊತ್ತು: ಅಣುಗಳು ಡಿಕ್ಕಿ ಹೊಡೆಯುತ್ತವೆ, ಬಿಸಿಯಾಗುತ್ತವೆ, ಆ ಶಾಖವನ್ನು ಬೆಳಕಾಗಿ ಹೊರಚೆಲ್ಲುತ್ತವೆ. ಬೆಳಕು ಹೊರಟುಹೋದಂತೆ ಅನಿಲ ತಣ್ಣಗಾಗಿ ಇನ್ನೂ ಒಳಕ್ಕೆ ಕುಸಿಯುತ್ತದೆ. ಆದರೆ ತಿರುಗುವಿಕೆಯನ್ನು, ಅಂದರೆ ಕೋನೀಯ ಸಂವೇಗವನ್ನು, ಬೆಳಕಿನ ಮೂಲಕ ಹಾಗೆ ಕಳೆದುಕೊಳ್ಳಲಾಗದು. ಆದ್ದರಿಂದ ತಿರುಗುವ ಅಕ್ಷದ ಉದ್ದಕ್ಕೂ ಕುಸಿತ ಸಾಗುತ್ತದೆ, ಅದಕ್ಕೆ ಅಡ್ಡಲಾಗಿ ನಿಲ್ಲುತ್ತದೆ. ಉಳಿಯುವ ಆಕಾರ ತೆಳುವಾದ ತಟ್ಟೆ. ನಕ್ಷತ್ರಗಳು ಆ ತಟ್ಟೆಯ ಅನಿಲದಿಂದ ಹುಟ್ಟುತ್ತವೆ, ತಟ್ಟೆಯಲ್ಲೇ ಉಳಿಯುತ್ತವೆ.

ಕಪ್ಪು ದ್ರವ್ಯಕ್ಕೆ ಈ ದಾರಿ ಮುಚ್ಚಿದೆ. ಅದು ಬೆಳಕು ಸೂಸುವುದಿಲ್ಲ, ತನ್ನೊಳಗೆ ತಾನು ಡಿಕ್ಕಿ ಹೊಡೆಯುವುದೂ ಇಲ್ಲವೆಂಬಷ್ಟು ವಿರಳ. ಬಿದ್ದ ಕಣ ಇನ್ನೊಂದು ಬದಿಯಿಂದ ಹೊರಬಂದು, ಮತ್ತೆ ಬಿದ್ದು, ಹೀಗೆ ಓಡಾಡುತ್ತಲೇ ಇರುತ್ತದೆ. ಹಾಗಾಗಿ ಆಕಾಶಗಂಗೆಯ ನಕ್ಷತ್ರಗಳ ತಟ್ಟೆ ಸುಮಾರು 1 ಲಕ್ಷ ಜ್ಯೋತಿರ್ವರ್ಷ ಅಗಲವಿದ್ದರೆ, ಹಾಲೊ ಎಂದು ಕರೆಯುವ ಕಪ್ಪು ದ್ರವ್ಯದ ಪರಿವೇಷ ಅದರ ಹಲವಾರು ಪಟ್ಟು ದೂರದವರೆಗೆ ಚಾಚಿಕೊಂಡಿದೆ. ಪರಿವೇಷ ಪಕ್ಕಾ ಗೋಳವೇನಲ್ಲ, ತುಸು ಉಬ್ಬಿದ, ತುಸು ಅದುಮಿದ ಆಕಾರಗಳು ಸಾಮಾನ್ಯ. ಅದನ್ನೂ ಸೇರಿಸಿದರೆ ಆಕಾಶಗಂಗೆಯ ಒಟ್ಟು ದ್ರವ್ಯರಾಶಿ 1 ಲಕ್ಷ ಕೋಟಿ ಸೂರ್ಯರ ಆಸುಪಾಸಿಗೆ ಬರುತ್ತದೆ.

ಅಷ್ಟೊಂದು ಇದ್ದರೆ ಭೂಮಿಯ ಸುತ್ತ, ಈ ಕೋಣೆಯಲ್ಲಿ ಕೂಡ ಇರಬೇಕಲ್ಲ? ಗ್ರಹಗಳ ಚಲನೆಯಲ್ಲಿ ಯಾಕೆ ಗೊತ್ತಾಗುವುದಿಲ್ಲ?

ಇದೆ, ಆದರೆ ಅತ್ಯಂತ ತೆಳುವಾಗಿ. ನಮ್ಮ ಆಸುಪಾಸಿನಲ್ಲಿ ಅಂದಾಜಿಸಿರುವ ಸಾಂದ್ರತೆ ಮೂರು ಘನ ಸೆಂಟಿಮೀಟರಿಗೆ ಸುಮಾರು ಒಂದು ಪ್ರೋಟಾನಿನ ತೂಕ. ಆ ಲೆಕ್ಕದಲ್ಲಿ ಇಡೀ ಭೂಮಿಯಷ್ಟು ಗಾತ್ರದ ಜಾಗದಲ್ಲಿ ಯಾವುದೇ ಕ್ಷಣದಲ್ಲಿರುವ ಕಪ್ಪು ದ್ರವ್ಯ ಒಂದು ಕಿಲೋಗ್ರಾಮಿಗೂ ಕಡಿಮೆ. ನೆಪ್ಚೂನ್ ಕಕ್ಷೆಯವರೆಗಿನ ಇಡೀ ಗೋಳವನ್ನು ತೆಗೆದುಕೊಂಡರೂ ಸಿಗುವುದು ಸುಮಾರು 50 ಕಿಲೋಮೀಟರ್ ಅಡ್ಡಗಲದ ಒಂದು ಸಾಧಾರಣ ಕ್ಷುದ್ರಗ್ರಹದಷ್ಟು. ಸೂರ್ಯನ ಮುಂದೆ ಅದು ಏನೂ ಅಲ್ಲ. ಗೆಲಾಕ್ಸಿಯ ಮಟ್ಟದಲ್ಲಿ ಅದು ಗೆಲ್ಲುವುದು ದಟ್ಟಣೆಯಿಂದಲ್ಲ, ಹರವಿನಿಂದ: ನಕ್ಷತ್ರಗಳು ಒಂದೊಂದು ಚುಕ್ಕೆಯಲ್ಲಿ ಅಡಕವಾಗಿವೆ, ನಡುವಿನ ಅಪಾರ ಖಾಲಿ ಜಾಗವನ್ನೆಲ್ಲ ಕಪ್ಪು ದ್ರವ್ಯ ತೆಳುವಾಗಿ ತುಂಬಿದೆ.

ಗೆಲಾಕ್ಸಿಯ ತಿರುಗುವಿಕೆ ಬಿಟ್ಟು ಬೇರೆ ಸಾಕ್ಷಿ ಇದೆಯೇ? ಒಂದೇ ಸಾಕ್ಷಿಯ ಮೇಲೆ ಇಷ್ಟೆಲ್ಲ ಕಟ್ಟಿದ್ದಾರಾ?

ಒಂದೇ ಸಾಕ್ಷಿಯಾಗಿದ್ದರೆ ಅನುಮಾನ ನ್ಯಾಯವಾಗುತ್ತಿತ್ತು. ಐನ್‌ಸ್ಟೈನರ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ದ್ರವ್ಯರಾಶಿ ಬೆಳಕನ್ನೂ ಬಾಗಿಸುತ್ತದೆ. 1919ರ ಸೂರ್ಯಗ್ರಹಣದಲ್ಲಿ ಅದನ್ನು ಅಳೆದು ನೋಡಿಯಾಯಿತು. ಗೆಲಾಕ್ಸಿ ಗುಚ್ಛವೊಂದರ ಹಿಂದಿನ ಗೆಲಾಕ್ಸಿಗಳ ಚಿತ್ರ ಎಷ್ಟು ತಿರುಚಿಕೊಂಡಿದೆ ಎಂಬುದರಿಂದ ಗುಚ್ಛದ ತೂಕವನ್ನು ಪಡೆಯಬಹುದು. ಇಲ್ಲಿ ಯಾವುದೂ ಸುತ್ತುತ್ತಿದೆಯೋ ಓಡುತ್ತಿದೆಯೋ ಎಂಬುದು ಬೇಕಿಲ್ಲ. ಈ ವಿಧಾನವೂ ಕಾಣುವುದಕ್ಕಿಂತ ಹಲವು ಪಟ್ಟು ಹೆಚ್ಚು ತೂಕವನ್ನೇ ಕೊಡುತ್ತದೆ.

ಬುಲೆಟ್ ಗುಚ್ಛ ಎಂಬ ಹೆಸರಿನದು ಇನ್ನೂ ತೀಕ್ಷ್ಣವಾದ ಉದಾಹರಣೆ. ಅಲ್ಲಿ ಎರಡು ಗುಚ್ಛಗಳು ಡಿಕ್ಕಿ ಹೊಡೆದು ಒಂದನ್ನೊಂದು ದಾಟಿಹೋಗಿವೆ. ಗುಚ್ಛಗಳಲ್ಲಿ ಸಾಮಾನ್ಯ ದ್ರವ್ಯದ ಹೆಚ್ಚಿನ ಪಾಲು ಇರುವುದು ನಕ್ಷತ್ರಗಳಲ್ಲಲ್ಲ, ಅವುಗಳ ನಡುವಿನ ಬಿಸಿ ಅನಿಲದಲ್ಲಿ. ಡಿಕ್ಕಿಯಲ್ಲಿ ಈ ಅನಿಲ ಪರಸ್ಪರ ಒತ್ತಿಕೊಂಡು ನಡುವೆಯೇ ಹಿಂದೆ ಉಳಿಯಿತು. ಚಂದ್ರಾ ದೂರದರ್ಶಕದ ಕ್ಷ-ಕಿರಣ ಚಿತ್ರಗಳಲ್ಲಿ ಅದು ಸ್ಪಷ್ಟವಾಗಿ ಕಾಣುತ್ತದೆ. ಗೆಲಾಕ್ಸಿಗಳು ತಡೆಯಿಲ್ಲದೆ ಮುಂದೆ ಸಾಗಿದವು. 2006ರಲ್ಲಿ ಬೆಳಕಿನ ಬಾಗುವಿಕೆಯಿಂದ ತೂಕದ ನಕ್ಷೆಯನ್ನು ಬಿಡಿಸಿದಾಗ, ತೂಕದ ಎರಡು ಗುಡ್ಡೆಗಳು ಅನಿಲ ಇರುವ ಜಾಗದಲ್ಲಿ ಬೀಳದೆ, ಮುಂದೆ ಹೋದ ಗೆಲಾಕ್ಸಿಗಳ ಜೊತೆ ಬಿದ್ದವು. ತೂಕ ಒಂದು ಕಡೆ, ಸಾಮಾನ್ಯ ದ್ರವ್ಯದ ದೊಡ್ಡ ಪಾಲು ಇನ್ನೊಂದು ಕಡೆ.

ಮೂರನೆಯದು ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣ. ವಿಶ್ವಕ್ಕೆ ಸುಮಾರು 3,80,000 ವರ್ಷ ವಯಸ್ಸಾದಾಗಿನ ಈ ಬೆಳಕಿನಲ್ಲಿ ಕಾಣುವ ಏರಿಳಿತ ಲಕ್ಷದಲ್ಲಿ ಒಂದು ಪಾಲಿನಷ್ಟು. ಅಲ್ಲಿಯವರೆಗೆ ಸಾಮಾನ್ಯ ದ್ರವ್ಯ ಬೆಳಕಿನ ಒತ್ತಡಕ್ಕೆ ಸಿಕ್ಕಿ ಗುಡ್ಡೆಗಟ್ಟಲಾಗದೆ ಇತ್ತು. ಬೆಳಕಿನ ಸಂಗ ಇಲ್ಲದ ಕಪ್ಪು ದ್ರವ್ಯ ಅದಕ್ಕೆ ಮುಂಚೆಯೇ ಗುಡ್ಡೆಗಟ್ಟಲು ತೊಡಗಿತ್ತು. ಆ ಮುಂಗಡ ಇಲ್ಲದಿದ್ದರೆ ಇಷ್ಟು ಸಮಯದಲ್ಲಿ ಗೆಲಾಕ್ಸಿಗಳು ರೂಪುಗೊಳ್ಳುವುದೇ ಸಾಧ್ಯವಿರಲಿಲ್ಲ.

ಕಾಣದ ವಸ್ತುವನ್ನು ಕಲ್ಪಿಸುವುದಕ್ಕಿಂತ ನ್ಯೂಟನ್ ನಿಯಮವೇ ತಪ್ಪು ಅನ್ನಬಹುದಲ್ಲ?

ಅನ್ನಬಹುದು, ಅಂದವರೂ ಇದ್ದಾರೆ. ಇತಿಹಾಸ ಎರಡೂ ಕಡೆ ಸಾಕ್ಷಿ ಹೇಳುತ್ತದೆ. ಯುರೇನಸ್ ದಾರಿ ತಪ್ಪಿದಂತೆ ಕಂಡಾಗ ಕಾಣದ ಗ್ರಹವೊಂದನ್ನು ಊಹಿಸಿದರು, 1846ರಲ್ಲಿ ನೆಪ್ಚೂನ್ ಸಿಕ್ಕಿತು. ಬುಧನ ಕಕ್ಷೆ ಶತಮಾನಕ್ಕೆ 43 ಕೋನೀಯ ಸೆಕೆಂಡುಗಳಷ್ಟು ಹೆಚ್ಚಾಗಿ ತಿರುಗುತ್ತಿರುವುದು ಕಂಡಾಗಲೂ ಕಾಣದ ಗ್ರಹವನ್ನೇ ಊಹಿಸಿದರು. ಅದು ಸಿಗಲಿಲ್ಲ, 1915ರಲ್ಲಿ ಗುರುತ್ವದ ಸಿದ್ಧಾಂತವೇ ಬದಲಾಯಿತು.

1983ರಲ್ಲಿ ಮೊರ್ದೆಹಾಯ್ ಮಿಲ್‌ಗ್ರೋಮ್, ವೇಗೋತ್ಕರ್ಷ ಸೆಕೆಂಡಿನ ವರ್ಗಕ್ಕೆ ಸುಮಾರು 1.2 ಮೀಟರ್‌ನ ಸಾವಿರ ಕೋಟಿಯಲ್ಲಿ ಒಂದು ಪಾಲಿಗಿಂತ ಕಡಿಮೆಯಾದಾಗ ಗುರುತ್ವದ ವರ್ತನೆ ಬದಲಾಗುತ್ತದೆ ಎಂಬ ಮಾಂಡ್ ಪ್ರಸ್ತಾವವನ್ನು ಮುಂದಿಟ್ಟರು. ಇದನ್ನು ಹಗುರವಾಗಿ ತಳ್ಳಿಹಾಕುವುದು ಸರಿಯಲ್ಲ. ಗೆಲಾಕ್ಸಿಯ ಸಾಮಾನ್ಯ ದ್ರವ್ಯರಾಶಿಗೂ ಅದರ ತಿರುಗುವ ವೇಗದ ನಾಲ್ಕನೆಯ ಘಾತಕ್ಕೂ ಇರುವ ಬಿಗಿಯಾದ ಸಂಬಂಧ ಮಾಂಡ್‌ನಿಂದ ನೇರವಾಗಿ ಹೊರಡುತ್ತದೆ. ಕಪ್ಪು ದ್ರವ್ಯದ ಮಾದರಿಗಳು ಅದನ್ನು ವಿವರಿಸಲು ಬಹಳ ಬೆವರು ಸುರಿಸಬೇಕು. ಆದರೆ ಗುಚ್ಛಗಳ ಮಟ್ಟದಲ್ಲಿ ಮಾಂಡ್‌ಗೂ ಕಾಣದ ದ್ರವ್ಯ ಬೇಕಾಗುತ್ತದೆ, ಹಿನ್ನೆಲೆ ವಿಕಿರಣದ ಏರಿಳಿತದ ಮಾದರಿ ಅದಕ್ಕೆ ಸುಲಭವಾಗಿ ಹೊಂದುವುದಿಲ್ಲ. 2017ರಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳ ವಿಲೀನದಿಂದ ಹೊರಟ ಗುರುತ್ವ ಅಲೆಗಳು ಮತ್ತು ಗಾಮಾ ಕಿರಣಗಳು 1.7 ಸೆಕೆಂಡುಗಳ ಅಂತರದಲ್ಲಿ ತಲುಪಿದಾಗ, ಇವೆರಡರ ವೇಗ ಬೇರೆ ಎನ್ನುತ್ತಿದ್ದ ಹಲವು ಪರ್ಯಾಯ ಸಿದ್ಧಾಂತಗಳು ಉರುಳಿದವು. ಈಗಿನ ತೂಕ ಕಪ್ಪು ದ್ರವ್ಯದ ಕಡೆಗೇ ಇದೆ ಎಂಬುದು ನನ್ನ ನಿಲುವು. ಬಿಡಿ ಗೆಲಾಕ್ಸಿಗಳಲ್ಲಿ ಮಾಂಡ್ ಇಷ್ಟು ಚೆನ್ನಾಗಿ ಹೊಂದುವುದೇಕೆ ಎಂಬುದಕ್ಕೂ ಒಂದು ದಿನ ಉತ್ತರ ಕೊಡಬೇಕಾಗುತ್ತದೆ.

ಕಪ್ಪು ದ್ರವ್ಯವೇ ಇಲ್ಲದ ಗೆಲಾಕ್ಸಿ ಸಿಕ್ಕಿದೆಯಂತೆ, ಹೌದೇ?

2018ರಲ್ಲಿ ಎನ್‌ಜಿಸಿ 1052-ಡಿಎಫ್2 ಎಂಬ ಮಸುಕಾದ ಗೆಲಾಕ್ಸಿಯಲ್ಲಿ ನಕ್ಷತ್ರಗುಚ್ಛಗಳ ವೇಗ ಕಾಣುವ ದ್ರವ್ಯಕ್ಕೆ ಹೊಂದುವಷ್ಟೇ ಇದೆ ಎಂಬ ವರದಿ ಬಂತು. ಅದರ ದೂರದ ಬಗ್ಗೆ ವಾಗ್ವಾದ ನಡೆಯಿತು. ನಂತರದ ಹಬಲ್ ಅಳತೆ ಮೂಲ ವರದಿಯ ದೂರದ ಅಂಕಿಯನ್ನೇ ಬೆಂಬಲಿಸಿತು. ವಿಚಿತ್ರವೆಂದರೆ ಇದು ಕಪ್ಪು ದ್ರವ್ಯಕ್ಕೆ ಅನುಕೂಲವಾದ ವಾದ: ಗುರುತ್ವದ ನಿಯಮವೇ ಬೇರೆಯಾಗಿದ್ದರೆ ಯಾವ ಗೆಲಾಕ್ಸಿಗೂ ಅದರಿಂದ ವಿನಾಯಿತಿ ಇರಬಾರದು, ವಸ್ತುವಾಗಿದ್ದರೆ ಒಂದೆಡೆ ಇದ್ದು ಇನ್ನೊಂದೆಡೆ ಇಲ್ಲದಿರಬಹುದು. ಪಕ್ಕದ ದೊಡ್ಡ ಗೆಲಾಕ್ಸಿಯ ಪ್ರಭಾವದಿಂದ ಇದನ್ನು ವಿವರಿಸಬಹುದು ಎಂದು ಮಾಂಡ್ ಪಕ್ಷದವರು ಉತ್ತರಿಸಿದ್ದಾರೆ.

ಇನ್ನೊಂದು ತುದಿಯಲ್ಲಿ ಆಕಾಶಗಂಗೆಯ ಉಪಗ್ರಹವಾದ ಸೆಗ್ವೆ 1 ಎಂಬ ಕುಬ್ಜ ಗೆಲಾಕ್ಸಿ ಇದೆ. ಅದರ ಒಟ್ಟು ಬೆಳಕು ಸೂರ್ಯನ ಕೆಲವೇ ನೂರು ಪಟ್ಟು, ಒಳಗಿನ ನಕ್ಷತ್ರಗಳ ವೇಗದಿಂದ ಲೆಕ್ಕ ಹಾಕಿದ ದ್ರವ್ಯರಾಶಿ ಸೂರ್ಯನ ಕೆಲವು ಲಕ್ಷ ಪಟ್ಟು.

ವಿಶ್ವ ಹಿಗ್ಗುತ್ತಿದ್ದರೆ ಗೆಲಾಕ್ಸಿಯೂ ಹಿಗ್ಗಬೇಕಲ್ಲವೇ?

ಹಿಗ್ಗುವುದಿಲ್ಲ. ಗೆಲಾಕ್ಸಿಯಾಗಿ ರೂಪುಗೊಂಡ ಪ್ರದೇಶ ಬಹಳ ಹಿಂದೆಯೇ ವಿಶ್ವದ ಹಿಗ್ಗುವಿಕೆಯ ಹರಿವಿನಿಂದ ಬೇರ್ಪಟ್ಟು ತನ್ನ ಗುರುತ್ವದಲ್ಲಿ ಕಟ್ಟಿಕೊಂಡಿದೆ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಕೂಡ ದೂರ ಸರಿಯುವ ಬದಲು ಸೆಕೆಂಡಿಗೆ ಸುಮಾರು 110 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿದೆ.

ಇಷ್ಟು ವರ್ಷ ಹುಡುಕಿದರೂ ಕಪ್ಪು ದ್ರವ್ಯದ ಕಣ ಸಿಕ್ಕಿಲ್ಲ. ಇನ್ನೂ ಎಷ್ಟು ಕಾಲ ನಂಬಬೇಕು?

ಗುರುತ್ವದ ಮೂಲಕ ತಿಳಿದಿರುವುದನ್ನೂ ಕಣವನ್ನು ಹಿಡಿಯುವುದನ್ನೂ ಬೇರೆಬೇರೆಯಾಗಿ ಇಡಬೇಕು. ಮೊದಲನೆಯದು ಗಟ್ಟಿಯಾಗಿದೆ, ಎರಡನೆಯದು ಆಗಿಲ್ಲ. ಅಮೆರಿಕದ ದಕ್ಷಿಣ ಡಕೋಟಾದಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ಆಳದ ಹಳೆಯ ಗಣಿಯಲ್ಲಿರುವ ಲಕ್ಸ್-ಜೆಪ್ಲಿನ್ ಪ್ರಯೋಗ ಏಳು ಟನ್ ದ್ರವ ಜೆನಾನ್ ಇಟ್ಟುಕೊಂಡು, ವಿಂಪ್ ಎಂಬ ಭಾರವಾದ ಕಣ ಒಂದು ಜೆನಾನ್ ಬೀಜಕೇಂದ್ರಕ್ಕೆ ಬಡಿದಾಗ ಹೊಮ್ಮಬಹುದಾದ ಕ್ಷೀಣ ಮಿಂಚಿಗಾಗಿ ಕಾಯುತ್ತಿದೆ. ಇಟಲಿಯ ಗ್ರಾನ್ ಸಾಸೊದಲ್ಲಿ, ಚೀನಾದ ಜಿನ್‌ಪಿಂಗ್‌ನಲ್ಲಿ ಇದೇ ಬಗೆಯ ಪ್ರಯೋಗಗಳಿವೆ. ಸಿಕ್ಕದಿರುವುದು ವ್ಯರ್ಥವಾಗಿಲ್ಲ: ವಿಂಪ್‌ಗಳ ಬಗ್ಗೆ ಮಂಡಿಸಿದ್ದ ಸರಳ ಮಾದರಿಗಳಲ್ಲಿ ಹಲವನ್ನು ಈ ಮೌನವೇ ಅಳಿಸಿಹಾಕಿದೆ. ಅದಕ್ಕಿಂತ ಅದೆಷ್ಟೋ ಹಗುರವಾದ, ಆಕ್ಸಿಯಾನ್ ಎಂಬ ಊಹೆಯ ಕಣಗಳನ್ನು ಬಲವಾದ ಕಾಂತಕ್ಷೇತ್ರದಲ್ಲಿ ಹುಡುಕುವ ಪ್ರಯೋಗಗಳು ಬೇರೆಯೇ ಇವೆ. ನ್ಯೂಟ್ರಿನೊಗಳು ಖಂಡಿತವಾಗಿ ಇರುವ, ಬೆಳಕು ಸೂಸದ ಕಣಗಳಾದರೂ ಈ ಕೆಲಸಕ್ಕೆ ಒದಗುವುದಿಲ್ಲ. ಅವು ಅತಿ ಹಗುರ, ಆರಂಭದ ವಿಶ್ವದಲ್ಲಿ ಅತಿ ವೇಗ, ಗೆಲಾಕ್ಸಿಯ ಗಾತ್ರದ ಗುಡ್ಡೆಗಳಲ್ಲಿ ನಿಲ್ಲುತ್ತಿರಲಿಲ್ಲ.

ಈಗಿನ ಮಾದರಿಗೆ ಹೊಂದದೆ ಉಳಿದಿರುವುದು ಏನಾದರೂ ಇದೆಯೇ, ಅಥವಾ ಎಲ್ಲ ಬಗೆಹರಿದಿದೆಯೇ?

ಇದೆ, ಮತ್ತು ಅದು ಗೆಲಾಕ್ಸಿಗಳ ಕೇಂದ್ರಭಾಗದಲ್ಲೇ ಇದೆ. 1990ರ ದಶಕದಲ್ಲಿ ಹುಲಿಯೊ ನವಾರೊ, ಕಾರ್ಲೋಸ್ ಫ್ರೆಂಕ್ ಮತ್ತು ಸೈಮನ್ ವೈಟ್ ಗಣಕದಲ್ಲಿ ಬೆಳೆಸಿದ ಪರಿವೇಷಗಳೆಲ್ಲವೂ ಒಂದೇ ಬಗೆಯ ಸಾಂದ್ರತೆಯ ಇಳಿಜಾರನ್ನು ತೋರಿದವು. ಕೇಂದ್ರಕ್ಕೆ ಹತ್ತಿರವಾದಂತೆ ಸಾಂದ್ರತೆ ಏರುತ್ತಲೇ ಹೋಗಿ ಚೂಪಾದ ಶಿಖರವಾಗುತ್ತದೆ. ಅನೇಕ ಕುಬ್ಜ ಗೆಲಾಕ್ಸಿಗಳಲ್ಲಿ ಅಳೆದಾಗ ಕಾಣುವುದು ಶಿಖರವಲ್ಲ, ಹೆಚ್ಚುಕಡಿಮೆ ಸಮತಟ್ಟಾದ ತಿರುಳು. ಒಂದು ವಿವರಣೆಯಂತೆ, ಸಾಯುವ ನಕ್ಷತ್ರಗಳ ಸೂಪರ್‌ನೋವಾ ಸ್ಫೋಟಗಳು ಅನಿಲವನ್ನು ಪದೇ ಪದೇ ಹೊರಕ್ಕೆ ತಳ್ಳುತ್ತವೆ, ಅದು ಮತ್ತೆ ಒಳಕ್ಕೆ ಬೀಳುತ್ತದೆ, ಈ ಹೋಗಿಬರುವಿಕೆಯಲ್ಲಿ ಗುರುತ್ವದ ಹಿಡಿತ ಏರಿಳಿದು ಕಪ್ಪು ದ್ರವ್ಯದ ಕಕ್ಷೆಗಳು ಹೊರಕ್ಕೆ ಉಬ್ಬುತ್ತವೆ. ಇನ್ನೊಂದು ವಿವರಣೆಯಂತೆ, ಕಪ್ಪು ದ್ರವ್ಯದ ಕಣಗಳು ಪರಸ್ಪರ ಒಂದಿಷ್ಟು ಡಿಕ್ಕಿ ಹೊಡೆಯುತ್ತವೆ. ಎರಡನ್ನೂ ಬೇರ್ಪಡಿಸಲು ನೋಡಬೇಕಾದದ್ದು ನಕ್ಷತ್ರಗಳು ತೀರಾ ಕಡಿಮೆ ಹುಟ್ಟಿರುವ ಅತಿ ಸಣ್ಣ ಕುಬ್ಜಗಳನ್ನು. ಅಲ್ಲಿ ಸ್ಫೋಟಗಳೂ ಕಡಿಮೆ ನಡೆದಿರುವುದರಿಂದ, ಅಲ್ಲಿಯೂ ತಿರುಳು ಸಮತಟ್ಟಾಗಿಯೇ ಸಿಕ್ಕರೆ ಮೊದಲನೆಯ ವಿವರಣೆ ನಿಲ್ಲುವುದು ಕಷ್ಟ. ಆದರೆ ಅಂಥ ಗೆಲಾಕ್ಸಿಯೊಂದರಲ್ಲಿ ವೇಗವನ್ನು ಅಳೆಯಬಹುದಾದಷ್ಟು ಪ್ರಕಾಶವಿರುವ ನಕ್ಷತ್ರಗಳೇ ಕೆಲವು ಹತ್ತುಗಳನ್ನು ಮೀರುವುದು ಅಪರೂಪ.